528 ಹರ್ಟ್ಸ್ ಕೇಳಿದರೆ ದೇಹಕ್ಕೆ ನಿಜವಾಗಿಯೂ ಏನಾದರೂ ಆಗುತ್ತದಾ?

ನಿದ್ದೆಗೇಡಿ:
ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಇದೆ, ದಯವಿಟ್ಟು ನಗಬೇಡಿ. ಒಂದು ವರ್ಷದಿಂದ ನನಗೆ ನಿದ್ದೆ ಸರಿಯಿಲ್ಲ. ಮಲಗಿದ ಮೇಲೆ ಒಂದೂವರೆ ಗಂಟೆ ಹೊರಳಾಡುವುದೇ ಕೆಲಸ. ಭಾವಮೈದುನ ಒಂದು ವಿಡಿಯೊ ಕಳಿಸಿದ, ಎಂಟು ಗಂಟೆಯದ್ದು, 528 ಹರ್ಟ್ಸ್ (ಸೆಕೆಂಡಿಗೆ 528 ಕಂಪನ) ನಾದ, ಇದನ್ನು ಕೇಳುತ್ತಾ ಮಲಗಿದರೆ ಡಿಎನ್‌ಎ ರಿಪೇರಿ ಆಗುತ್ತದೆ ಅಂತ ಅದರ ಮೇಲೆ ದೊಡ್ಡದಾಗಿ ಬರೆದಿದೆ. ಡಿಎನ್‌ಎ ಮಾತು ನನಗೂ ಸ್ವಲ್ಪ ಜಾಸ್ತಿ ಆಯಿತು ಅನ್ನಿಸಿತು. ಆದರೆ ಮೂರು ವಾರದಿಂದ ಹಾಕಿಕೊಂಡು ಮಲಗುತ್ತಿದ್ದೇನೆ, ಅರ್ಧ ಗಂಟೆಯೊಳಗೆ ನಿದ್ದೆ ಬರುತ್ತಿದೆ. ಇದಂತೂ ಸುಳ್ಳಲ್ಲ. ಹಾಗಾದರೆ ಆ ಫ್ರೀಕ್ವೆನ್ಸಿಯಲ್ಲಿ ಏನೋ ಇದೆ ಅಂತ ಅಲ್ವಾ? ಮನೆಯವಳು ಮಾತ್ರ "ಫ್ಯಾನ್ ಸದ್ದು ಕೇಳಿಕೊಂಡು ಮಲಗಿದರೂ ಇಷ್ಟೇ ನಿದ್ದೆ ಬರುತ್ತದೆ" ಅನ್ನುತ್ತಾಳೆ.

ಅನುಮಾನಪ್ಪ:
ಮನೆಯವರು ಹೇಳಿದ್ದೇ ಸರಿ. ಚರ್ಚೆ ಮುಗಿಯಿತು, ಎಲ್ಲರೂ ಮಲಗಿ.

ಹಳೇರೇಡಿಯೊ:
ಅನುಮಾನಪ್ಪನವರೇ, ಅಷ್ಟು ಬೇಗ ಬಾಗಿಲು ಹಾಕಬೇಡಿ. ನಾನು ಇಪ್ಪತ್ತು ವರ್ಷ ಸೌಂಡ್ ಕೆಲಸ ಮಾಡಿದವನು, ಈ 528ರ ಮೇಲೆ ನನಗೆ ಹಳೇ ಸಿಟ್ಟಿದೆ.

ಮೊದಲು ಒಂದು ಲೆಕ್ಕ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹಾಗಾಗಿ 528 ಹರ್ಟ್ಸ್‌ನ ಒಂದು ಅಲೆಯ ಉದ್ದ 65 ಸೆಂಟಿಮೀಟರ್. ನಮ್ಮ ದೇಹ ಹೆಚ್ಚೂಕಡಿಮೆ ನೀರು, ಅಲ್ಲಿ ವೇಗ ಸುಮಾರು 1500 ಮೀಟರ್, ಅಂದರೆ ಅದೇ ಅಲೆ ದೇಹದೊಳಗೆ ಸುಮಾರು ಮೂರು ಮೀಟರ್ ಉದ್ದ. ನಿಮಗಿಂತ ಉದ್ದ! ಡಿಎನ್‌ಎ ಎಳೆಯ ದಪ್ಪ ಎರಡು ನ್ಯಾನೊಮೀಟರ್. ಮೂರು ಮೀಟರಿನ ಅಲೆ ಬಂದು ಎರಡು ನ್ಯಾನೊಮೀಟರಿನ ಎಳೆಯನ್ನು ಹುಡುಕಿ ಹೊಲಿಗೆ ಹಾಕುತ್ತದಾ? ಸಮುದ್ರದ ಅಲೆಗೆ ಸೂಜಿಯಲ್ಲಿ ದಾರ ಪೋಣಿಸು ಅಂದ ಹಾಗಾಯಿತು.

ಇನ್ನು ಇಂಥ ವಿಡಿಯೊಗಳು ಹೇಳುವ, ಇದು ಪುರಾತನ ಸನ್ಯಾಸಿಗಳ ಗುಟ್ಟು ಅನ್ನುವ ಕಥೆ. ಸ್ವರಗಳಿಗೆ ಉತ್, ರೆ, ಮಿ ಅಂತ ಹೆಸರಿಟ್ಟವನು 11ನೇ ಶತಮಾನದ ಇಟಲಿಯ ಸನ್ಯಾಸಿ ಗ್ವಿಡೊ, ಅದು ಸರಿ. ಆದರೆ ಸೆಕೆಂಡಿಗೆ ಎಷ್ಟು ಕಂಪನ ಅಂತ ಲೆಕ್ಕ ಹಾಕುವ ದಾರಿ ಆಗ ಇರಲಿಲ್ಲ, ಅದನ್ನು ಮಾಡಿ ತೋರಿಸಿದ್ದು 17ನೇ ಶತಮಾನದ ಫ್ರಾನ್ಸಿನ ಮರ್ಸೆನ್. ಹರ್ಟ್ಸ್ ಅನ್ನುವ ಹೆಸರು ಬಂದದ್ದೇ ಕಳೆದ ಶತಮಾನದಲ್ಲಿ. ಸನ್ಯಾಸಿಗಳು 528 ಅಂತ ಎಲ್ಲಿ ಬರೆದಿಟ್ಟರು ಹೇಳಿ?

528ರ ಜೊತೆ ಸನ್ಯಾಸಿಗಳ ಸ್ವರ ಅಂತ ಹೇಳುವ ಪಟ್ಟಿಯ ಆರು ಸಂಖ್ಯೆಗಳನ್ನೇ ಒಮ್ಮೆ ನೋಡಿ. 396, 417, 528, 639, 741, 852. 396ರ ಕೊನೆಯ ಅಂಕಿಯನ್ನು ಮುಂದಕ್ಕೆ ತನ್ನಿ, 639 ಬರುತ್ತದೆ. 417 ಹಾಗೆಯೇ ತಿರುಗಿಸಿದರೆ 741. 528 ತಿರುಗಿಸಿದರೆ 852. 417ಕ್ಕೆ 111 ಕೂಡಿಸಿದರೆ 528, ಮತ್ತೆ 111 ಕೂಡಿಸಿದರೆ 639. ಇದು ಅಂಕಿಗಳ ಆಟ, ಯಾರ ಕಿವಿಯಿಂದಲೂ ಬಂದದ್ದಲ್ಲ.

ನಿದ್ದೆಗೇಡಿ:
ಅಯ್ಯೋ, ಈ ತಿರುಗಿಸುವ ವಿಷಯ ನನಗೆ ಹೊಳೆದೇ ಇರಲಿಲ್ಲ. ಆದರೆ ನಿದ್ದೆ ಬಂದದ್ದು?

ಅನುಮಾನಪ್ಪ:
ಕಾಗೆ ಕೂತಿತು, ಕೊಂಬೆ ಮುರಿಯಿತು.

ತರಂಗಿಣಿ:
ನನಗೆ ಈ ತರಹದ ಉತ್ತರಗಳು ಬೇಸರ ತರಿಸುತ್ತವೆ. ಒಂದು ವಿಡಿಯೊ ಸುಳ್ಳು ಅಂದ ಮಾತ್ರಕ್ಕೆ ಶಬ್ದದಿಂದ ದೇಹಕ್ಕೆ ಏನೂ ಆಗುವುದಿಲ್ಲ ಅಂತ ಹೇಗೆ ಹೇಳುತ್ತೀರಿ? ಕಿಡ್ನಿ ಕಲ್ಲನ್ನು ಶಬ್ದದಿಂದ ಒಡೆಯುತ್ತಾರೆ. ಹೊಟ್ಟೆಯೊಳಗಿನ ಮಗುವನ್ನು ಶಬ್ದದಿಂದ ನೋಡುತ್ತಾರೆ. ದೊಡ್ಡ ಸ್ಪೀಕರ್ ಮುಂದೆ ನಿಂತರೆ ಎದೆ ನಡುಗುತ್ತದೆ, ಅದು ಭ್ರಮೆಯಾ? ಶಬ್ದವನ್ನೇ ಆಯುಧ ಮಾಡಿಕೊಂಡು ಜನರನ್ನು ಓಡಿಸುವವರೂ ಇದ್ದಾರೆ. ಅಷ್ಟೆಲ್ಲ ಆಗುವಾಗ ಒಳ್ಳೆಯದು ಮಾಡುವ ಫ್ರೀಕ್ವೆನ್ಸಿ ಮಾತ್ರ ಇರಬಾರದು ಅನ್ನುವುದು ಯಾವ ನ್ಯಾಯ?

ಕಿವಿಕೆಲಸ:
ತರಂಗಿಣಿ ಅವರೇ, ನೀವು ಹೇಳಿದ ಉದಾಹರಣೆಗಳೆಲ್ಲ ನಿಜ. ನಾನು ಕಿವಿ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹೊಟ್ಟೆಯ ಸ್ಕ್ಯಾನ್ ಮಾಡುವಾಗ ತಣ್ಣಗಿನ ಜೆಲ್ ಹಚ್ಚುತ್ತಾರಲ್ಲ, ಯಾಕೆ ಗೊತ್ತಾ? ಗಾಳಿಯಿಂದ ದೇಹದ ಕಡೆಗೆ ಬರುವ ಶಬ್ದದ ಶೇಕಡ 99.9ರಷ್ಟು ಶಕ್ತಿ ಚರ್ಮಕ್ಕೆ ಬಡಿದು ವಾಪಸ್ ಹೋಗುತ್ತದೆ. ಮಧ್ಯೆ ತೆಳುವಾಗಿ ಗಾಳಿ ಇದ್ದರೂ ಚಿತ್ರ ಬರುವುದಿಲ್ಲ. ಆ ಗಾಳಿಯನ್ನು ತೆಗೆಯಲು ಜೆಲ್. ಅಲ್ಲಿ ಬಳಸುವುದು ಸೆಕೆಂಡಿಗೆ ಹತ್ತಾರು ಲಕ್ಷ ಕಂಪನದ ಅಲ್ಟ್ರಾಸೌಂಡ್, ನಮ್ಮ ಕಿವಿಗೆ 20,000ದ ಮೇಲೆ ಏನೂ ಕೇಳಿಸುವುದಿಲ್ಲ. ಕಲ್ಲು ಒಡೆಯುವ ಯಂತ್ರವನ್ನು ಮನುಷ್ಯರ ಮೇಲೆ ಮೊದಲು ಬಳಸಿದ್ದು 1980ರಲ್ಲಿ, ಮ್ಯೂನಿಕ್‌ನಲ್ಲಿ. ಅದು ಒಂದು ಸ್ವರವೇ ಅಲ್ಲ. ಒಂದೊಂದೇ ಜೋರಾದ ಒತ್ತಡದ ಹೊಡೆತ, ಅದನ್ನು ಕಲ್ಲಿನ ಮೇಲೆ ಗುರಿಯಿಟ್ಟು ಮತ್ತೆ ಮತ್ತೆ ಕೊಡುತ್ತಾರೆ. ಕಲ್ಲಿಗೆ "ತಕ್ಕ ಫ್ರೀಕ್ವೆನ್ಸಿ" ಹುಡುಕಿ ನುಡಿಸುವುದಿಲ್ಲ. ಸುತ್ತಿಗೆ ಏಟು ಅಂದುಕೊಳ್ಳಿ.

ಇನ್ನೂ ಬೆರಗಿನದು ಬೇಕಾದರೆ, ತಲೆಬುರುಡೆಯ ಹೊರಗಿನಿಂದಲೇ ನೂರಾರು ಅಲ್ಟ್ರಾಸೌಂಡ್ ಕಿರಣಗಳನ್ನು ಮಿದುಳಿನ ಒಂದು ಚುಕ್ಕೆಗೆ ಸೇರಿಸಿ, ಅಲ್ಲಿ ಬಿಸಿ ಮಾಡಿ, ಕೈ ನಡುಕ ನಿಲ್ಲಿಸುವ ಚಿಕಿತ್ಸೆಗೆ 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ. ಹಾಗಂತ ಅಲ್ಟ್ರಾಸೌಂಡ್ ಮುಟ್ಟಿದ್ದೆಲ್ಲ ಚಿನ್ನ ಅಲ್ಲ. ಮುರಿದ ಮೂಳೆ ಬೇಗ ಕೂಡಲಿ ಅಂತ ಸಣ್ಣ ಅಲ್ಟ್ರಾಸೌಂಡ್ ಯಂತ್ರಗಳನ್ನು ವರ್ಷಗಟ್ಟಲೆ ಕೊಟ್ಟರು. 2016ರಲ್ಲಿ ಕಾಲಿನ ಮೂಳೆ ಮುರಿದವರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು, ಅರ್ಧ ಜನಕ್ಕೆ ಕೆಲಸ ಮಾಡದ ನಕಲಿ ಯಂತ್ರ ಕೊಟ್ಟಿದ್ದರು. ವ್ಯತ್ಯಾಸ ಕಾಣಲಿಲ್ಲ.

ಅದಕ್ಕೇ ಯಾರಾದರೂ ಬರಿಯ ಹರ್ಟ್ಸ್ ಸಂಖ್ಯೆ ಹೇಳಿದರೆ ನನಗೆ ಅರ್ಧ ವಾಕ್ಯ ಕೇಳಿದ ಹಾಗೆ ಆಗುತ್ತದೆ. ಎಷ್ಟು ಜೋರು? ಎಷ್ಟು ಹೊತ್ತು? ಗಾಳಿಯಲ್ಲಿ ಬಂತಾ, ಮೈಗೆ ಅಂಟಿಸಿದ್ದಾ? ಯಾವ ಅಂಗಕ್ಕೆ? ಇದು ಗೊತ್ತಿಲ್ಲದೆ 528 ಅನ್ನುವುದು, ಮಾತ್ರೆಯ ಬಣ್ಣ ಹೇಳಿ ಔಷಧಿ ಗುರುತಿಸು ಅಂದ ಹಾಗೆ.

ನಿದ್ದೆಗೇಡಿ ಅವರೇ, ನಿಮಗೆ ಒಂದು ಪ್ರಶ್ನೆ. ಇಯರ್‌ಫೋನ್ ಹಾಕಿಕೊಂಡು ಕೇಳುತ್ತೀರಾ? ಎಷ್ಟು ವಾಲ್ಯೂಮ್?

ನಿದ್ದೆಗೇಡಿ:
ಹೌದು ಮೇಡಂ, ಇಯರ್‌ಫೋನ್. ವಾಲ್ಯೂಮ್ ಮುಕ್ಕಾಲು ಇರಬಹುದು. ಬೆಳಿಗ್ಗೆಯವರೆಗೆ ಓಡುತ್ತಲೇ ಇರುತ್ತದೆ.

ಕಿವಿಕೆಲಸ:
ಇವತ್ತೇ ನಿಲ್ಲಿಸಿ. ಮೊಬೈಲ್ ಸ್ಪೀಕರಿನಲ್ಲಿ, ಸಣ್ಣಗೆ, ಒಂದು ಗಂಟೆಗೆ ತಾನೇ ನಿಲ್ಲುವ ಹಾಗೆ ಟೈಮರ್ ಇಟ್ಟು ಹಾಕಿ.

ಶಬ್ದ ದೇಹಕ್ಕೆ ಮಾಡುವ ಕೆಡುಕಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಗೊತ್ತಿರುವುದು ಇದೇ, ಆದರೆ ಇದರ ಬಗ್ಗೆ ಯಾರೂ ವಿಡಿಯೊ ಫಾರ್ವರ್ಡ್ ಮಾಡುವುದಿಲ್ಲ. ಒಳಕಿವಿಯಲ್ಲಿ ಒಂದೊಂದು ಕಡೆ ಸದ್ದನ್ನು ಹಿಡಿಯುವ ಸುಮಾರು 15,000 ಕೂದಲು ಕೋಶಗಳಿವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಪ್ರತಿ ಮೂರು ಡೆಸಿಬೆಲ್ ಏರಿದಂತೆ ಹೊತ್ತು ಅರ್ಧ. 88ಕ್ಕೆ ನಾಲ್ಕು ಗಂಟೆ. 100ಕ್ಕೆ ಬರೀ ಹದಿನೈದು ನಿಮಿಷ.

ಇಲ್ಲಿ ಫ್ರೀಕ್ವೆನ್ಸಿಗೂ ಒಂದು ಪಾತ್ರ ಇದೆ. ಕಿವಿಯ ಕೊಳವೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ಒಂದು ತುದಿ ಮುಚ್ಚಿದ ಕೊಳಲಿನ ಹಾಗೆ. 3000 ಹರ್ಟ್ಸ್ ಹತ್ತಿರದ ಸದ್ದನ್ನು ಅದು ತಾನೇ ಹಿಗ್ಗಿಸುತ್ತದೆ. ಅದಕ್ಕೇ ಜೋರು ಸದ್ದಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರ ಕಿವಿ ಪರೀಕ್ಷೆಯ ಗೆರೆ 4000 ಹರ್ಟ್ಸ್ ಆಸುಪಾಸಿನಲ್ಲಿ ಮೊದಲು ಕುಸಿಯುತ್ತದೆ. ಯಂತ್ರ ಯಾವುದೇ ಇರಲಿ, ಹಳ್ಳ ಬೀಳುವುದು ಅಲ್ಲೇ. ದೇಹಕ್ಕೆ ಒಂದು ವಿಶೇಷ ಫ್ರೀಕ್ವೆನ್ಸಿ ಬೇಕೇ ಬೇಕು ಅಂದರೆ ತಗೊಳ್ಳಿ, ಇದು.

ಒಂದ್ನಿಮಿಷ:
ಕಂದು ಸ್ವರದ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ? ಕೇಳಿದವರಿಗೆ ಅಲ್ಲೇ ಹೊಟ್ಟೆ ಸಡಿಲವಾಗುತ್ತದಂತೆ. ಮೀಟಿಂಗ್ ಬೇಗ ಮುಗಿಸಬೇಕು, ಉಪಯೋಗಕ್ಕೆ ಬರುತ್ತದೆ.

ಹಳೇರೇಡಿಯೊ:
ಅದನ್ನು 2005ರಲ್ಲಿ ಮಿಥ್‌ಬಸ್ಟರ್ಸ್ ಕಾರ್ಯಕ್ರಮದವರು ದೊಡ್ಡ ದೊಡ್ಡ ಸ್ಪೀಕರ್ ಸುತ್ತ ಜೋಡಿಸಿ ಮಾಡಿ ನೋಡಿದರು. ಮಧ್ಯೆ ನಿಂತವನ ಪ್ಯಾಂಟ್ ಒಣಗಿಯೇ ಇತ್ತು. ನಿಮ್ಮ ಮೀಟಿಂಗಿಗೆ ಬೇರೆ ಉಪಾಯ ಹುಡುಕಿ.

ಗುಬ್ಬಿಗೂಡು:
19 ಹರ್ಟ್ಸ್ ಸದ್ದಿಗೆ ದೆವ್ವ ಕಾಣುತ್ತದೆ ಅಂತ ಓದಿದ್ದೆ. ಅದೂ ಬುರುಡೆನಾ?

ಹಳೇರೇಡಿಯೊ:
ಅದು ಪೂರ್ತಿ ಬುರುಡೆ ಅಲ್ಲ. ಇಂಗ್ಲೆಂಡಿನ ವಿಕ್ ಟ್ಯಾಂಡಿ ಅನ್ನುವ ಎಂಜಿನಿಯರ್ ಒಂದು ಪ್ರಯೋಗಾಲಯದಲ್ಲಿ ರಾತ್ರಿ ಒಬ್ಬರೇ ಕೆಲಸ ಮಾಡುತ್ತಿದ್ದರು. ಮೈ ತಣ್ಣಗಾಯಿತು, ಎದೆ ಭಾರ, ಕಣ್ಣಂಚಿನಲ್ಲಿ ಬೂದು ಬಣ್ಣದ ಆಕಾರ ನಿಂತ ಹಾಗೆ ಕಂಡಿತು, ತಿರುಗಿದರೆ ಇಲ್ಲ. ಮರುದಿನ ಕತ್ತಿವರಸೆಯ ಕತ್ತಿಯನ್ನು ಸರಿಮಾಡಲು ಬೆಂಚ್ ವೈಸ್‌ಗೆ ಸಿಕ್ಕಿಸಿದ್ದರು, ಅದರ ತುದಿ ತಾನಾಗಿ ಅದುರಲು ಶುರುವಾಯಿತು! ನಾನಾಗಿದ್ದರೆ ಕೆಲಸ ಬಿಟ್ಟು ಓಡುತ್ತಿದ್ದೆ. ಆತ ಕತ್ತಿಯನ್ನು ಕೋಣೆಯ ಉದ್ದಕ್ಕೂ ಸರಿಸುತ್ತಾ ನೋಡಿದ. ಮಧ್ಯದಲ್ಲಿ ಜಾಸ್ತಿ ಅದುರುತ್ತದೆ, ತುದಿಯಲ್ಲಿ ಇಲ್ಲ. ಕೊನೆಗೆ ಸಿಕ್ಕಿದ್ದು ಹೊಸದಾಗಿ ಹಾಕಿದ್ದ ಎಕ್ಸಾಸ್ಟ್ ಫ್ಯಾನ್. ಅದು ಸುಮಾರು 19 ಹರ್ಟ್ಸ್‌ನ ನಿಂತ ಅಲೆ (ಗೋಡೆಗಳ ನಡುವೆ ಪುಟಿದು ಒಂದೇ ಕಡೆ ನಿಲ್ಲುವ ಕಂಪನ) ಎಬ್ಬಿಸಿತ್ತು. ಫ್ಯಾನ್ ಕೂರಿಸಿದ್ದನ್ನು ಬದಲಿಸಿದರು, ಕಾಟ ನಿಂತಿತು. 1998ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ಕಣ್ಣುಗುಡ್ಡೆ ಆ ಕಂಪನಕ್ಕೆ ಅದುರಿ ನೆರಳು ಕಂಡಿರಬಹುದು ಅನ್ನುವುದು ಅವರ ಊಹೆ, ಊಹೆ ಅಷ್ಟೇ.

ಆಮೇಲೆ 2003ರಲ್ಲಿ ಲಂಡನ್ನಿನ ಪರ್ಸೆಲ್ ರೂಮ್ ಸಭಾಂಗಣದಲ್ಲಿ ಸಂಗೀತದ ಅಡಿಗೆ 17 ಹರ್ಟ್ಸ್ ಸದ್ದು ಕಳ್ಳತನದಿಂದ ಸೇರಿಸಿ ನೂರಾರು ಜನರ ಮೇಲೆ ನೋಡಿದರು. ಅದು ಇದ್ದಾಗ ಏನೋ ವಿಚಿತ್ರ ಅನ್ನಿಸಿತು, ಚಳಿ, ಆತಂಕ ಅಂತ ಹೇಳಿದವರು ಸುಮಾರು ಶೇಕಡ 22ರಷ್ಟು ಜಾಸ್ತಿ. ದೆವ್ವ ಯಾರಿಗೂ ಕಾಣಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 2022ರ ಕೆನಡಾದ ಪ್ರಯೋಗ. ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಒಂದು ಕುಣಿತದ ಸಂಗೀತ ಕಛೇರಿಯಲ್ಲಿ ಅತಿ ಕೆಳಗಿನ ಸದ್ದಿನ ಸ್ಪೀಕರುಗಳನ್ನು ಎರಡೂವರೆ ನಿಮಿಷಕ್ಕೊಮ್ಮೆ ಹಾಕುವುದು, ಆರಿಸುವುದು ಮಾಡಿದರು. 8ರಿಂದ 37 ಹರ್ಟ್ಸ್. ಜನಕ್ಕೆ ವ್ಯತ್ಯಾಸ ಗೊತ್ತೇ ಆಗಲಿಲ್ಲ. ಆದರೆ ತಲೆಗೆ ಕಟ್ಟಿದ್ದ ಪಟ್ಟಿಯಲ್ಲಿ ಅಳೆದರೆ, ಸ್ಪೀಕರ್ ಚಾಲೂ ಇದ್ದಾಗ ಶೇಕಡ 11.8ರಷ್ಟು ಜಾಸ್ತಿ ಕುಣಿದಿದ್ದರು. ತರಂಗಿಣಿ ಅವರೇ, ನಿಮ್ಮ ಕಡೆಗೆ ಒಂದು ಅಂಕ.

ತರಂಗಿಣಿ:
ಅಬ್ಬ, ಒಂದಾದರೂ ಕೊಟ್ಟಿರಲ್ಲ.

ಅನುಮಾನಪ್ಪ:
ಕೊಟ್ಟಿದ್ದನ್ನು ನಾನು ವಾಪಸ್ ತಗೊಳ್ಳುತ್ತೇನೆ, ಇರಿ. ಇದೇ ಕಿವಿಗೆ ಕೇಳಿಸದಷ್ಟು ಕೆಳಗಿನ ಸದ್ದು, ಅಂದರೆ ಇನ್ಫ್ರಾಸೌಂಡ್‌ನಿಂದ ಗಾಳಿಯಂತ್ರದ ಹತ್ತಿರದವರಿಗೆ ತಲೆನೋವು, ವಾಕರಿಕೆ ಬರುತ್ತದೆ ಅಂತ ದೊಡ್ಡ ಗಲಾಟೆ ಆಗಿತ್ತಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದವರು 54 ಜನರನ್ನು ಕೂರಿಸಿ, ಕೆಲವರಿಗೆ ಮೊದಲು ಹೆದರಿಕೆ ಹುಟ್ಟಿಸುವ ಟೀವಿ ವರದಿ ತೋರಿಸಿದರು. ಆಮೇಲೆ ಹತ್ತು ನಿಮಿಷ ನಿಜವಾದ ಇನ್ಫ್ರಾಸೌಂಡ್, ಹತ್ತು ನಿಮಿಷ ಬರೀ ಮೌನ, ಎರಡೂ ಸದ್ದೇ ಅಂತ ಹೇಳಿ ಕೇಳಿಸಿದರು. ಹೆದರಿದವರಿಗೆ ಎರಡರಲ್ಲೂ ಕಾಯಿಲೆ ಬಂತು, ಮೌನದಲ್ಲೂ! ಇತ್ತೀಚೆಗೆ ಸಿಡ್ನಿಯಲ್ಲಿ ಸದ್ದಿಗೆ ಬೇಗ ಕಿರಿಕಿರಿಯಾಗುವ 37 ಜನರನ್ನೇ ಆರಿಸಿ, 72 ಗಂಟೆ ಇನ್ಫ್ರಾಸೌಂಡ್‌ನಲ್ಲಿ ಇಟ್ಟು ನಿದ್ದೆ, ರಕ್ತದೊತ್ತಡ ಎಲ್ಲ ನೋಡಿದರು. ಏನೂ ಆಗಲಿಲ್ಲ.

ತಿರುಗುಬುಗುರಿ:
ಇಷ್ಟು ಹೊತ್ತು ಓದುತ್ತಿದ್ದೆ, ಈಗ ಬರೆಯಲೇಬೇಕು. "ಎಲ್ಲ ಮನಸ್ಸಿನದ್ದು" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ.

ನನಗೆ ಕೆಲವು ಸದ್ದಿಗೆ ನೆಲ ತಿರುಗುತ್ತದೆ. ನಿಜವಾಗಿ ತಿರುಗುತ್ತದೆ. ಪ್ರೆಷರ್ ಕುಕ್ಕರ್ ಕೂಗಿದರೆ ಗೋಡೆ ಓರೆಯಾಗುತ್ತದೆ, ನಾನೇ ಜೋರಾಗಿ ಹಾಡಿದರೂ ಆಗುತ್ತದೆ. ನನ್ನ ಕಣ್ಣು ಹೊರಳಿಸುವ ಸದ್ದು ನನಗೇ ಒಳಗಿನಿಂದ ಕೇಳಿಸುತ್ತದೆ, ಮರಳುಕಾಗದ ಉಜ್ಜಿದ ಹಾಗೆ. ಇದನ್ನು ಡಾಕ್ಟರಿಗೆ ಹೇಳಿದಾಗ ಅವರು ನನ್ನ ಗಂಡನ ಮುಖ ನೋಡಿದರು. ಒಬ್ಬರು ಆತಂಕದ ಮಾತ್ರೆ ಕೊಟ್ಟರು, ಇನ್ನೊಬ್ಬರು ಯೋಗ ಮಾಡಿ ಅಂದರು. ನಾಲ್ಕು ವರ್ಷ ಹೀಗೇ ಕಳೆಯಿತು.

ಕೊನೆಗೆ ಒಬ್ಬರು ಕಿವಿಗೆ ಸ್ವರ ಕೇಳಿಸುತ್ತಾ ನನ್ನ ಕಣ್ಣನ್ನೇ ನೋಡುತ್ತಾ ಕೂತರು. ಸದ್ದು ಬಂದಾಗ ಕಣ್ಣು ತಾನಾಗಿ ಜಾರುತ್ತಿತ್ತು, ನನಗೆ ಗೊತ್ತೇ ಇರಲಿಲ್ಲ. ಸಿಟಿ ಸ್ಕ್ಯಾನ್ ಮಾಡಿಸಿದರೆ ಒಳಕಿವಿಯ ಮೇಲಿನ ಅರ್ಧವೃತ್ತ ನಾಳದ ಮೇಲಿನ ಮೂಳೆಯಲ್ಲಿ ತೂತು. ಆ ನಾಳ ಇರುವುದು ಸಮತೋಲಕ್ಕೆ, ಕೇಳುವುದಕ್ಕಲ್ಲ. ತೂತು ಇರುವುದರಿಂದ ಸದ್ದಿನ ಒತ್ತಡ ಅಲ್ಲಿಗೂ ನುಗ್ಗಿ ಒಳಗಿನ ದ್ರವವನ್ನು ತಳ್ಳುತ್ತದೆ, ಮಿದುಳು ತಲೆ ತಿರುಗಿತು ಅಂದುಕೊಳ್ಳುತ್ತದೆ. ಪಾರಿವಾಳಗಳ ನಾಳದಲ್ಲಿ ತೂತು ಮಾಡಿ ಇದನ್ನು ಮೊದಲು ತೋರಿಸಿದವರು ಇಟಲಿಯ ಟುಲಿಯೊ, 1920ರ ದಶಕದಲ್ಲಿ. ಮನುಷ್ಯರಲ್ಲಿ ಈ ಮೂಳೆಯ ತೂತಿನ ಕಾಯಿಲೆಯನ್ನು ಗುರುತಿಸಿ ಬರೆದವರು ಲಾಯ್ಡ್ ಮೈನರ್, 1998ರಲ್ಲಿ.

ಹೀಗಾಗಿ, ಸದ್ದಿನಿಂದ ದೇಹಕ್ಕೆ ಆಗುತ್ತದಾ ಅಂತ ಕೇಳಿದರೆ ನನ್ನ ಉತ್ತರ ಹೌದು. ಆದರೆ ನನಗೆ ಆಗುವ ಸದ್ದು ನಿಮಗೆ ಏನೂ ಮಾಡುವುದಿಲ್ಲ. ತೂತು ನನ್ನದು.

ಕಿವಿಕೆಲಸ:
ತಿರುಗುಬುಗುರಿ ಅವರೇ, ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಓದುವವರಲ್ಲಿ ಯಾರಿಗಾದರೂ ಜೋರು ಸದ್ದಿಗೆ ತಲೆ ಸುತ್ತಿದರೆ, ತಮ್ಮ ಹೆಜ್ಜೆ ಸದ್ದು, ಎದೆಬಡಿತ ತಲೆಯೊಳಗೇ ಕೇಳಿಸಿದರೆ ಕಿವಿ ತಜ್ಞರಿಗೆ ಈ ಮಾತನ್ನೇ ಹೀಗೇ ಹೇಳಿ. ಆಪರೇಷನ್ ಇದೆ, ಎಲ್ಲರಿಗೂ ಬೇಕಾಗುವುದಿಲ್ಲ.

ಅನುಮಾನಪ್ಪ:
ತಿರುಗುಬುಗುರಿ ಅಕ್ಕ, ತಪ್ಪಾಯಿತು. ನಿಮ್ಮಂಥವರನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಶ್ರುತಿಪೆಟ್ಟಿಗೆ:
ನಾನು ಸಂಗೀತ ಹೇಳಿಕೊಡುವವಳು. ತಿಂಗಳಿಗೆ ಒಬ್ಬ ಪೋಷಕರಾದರೂ "440 ಹಿಟ್ಲರ್ ತಂದದ್ದಂತೆ, ಮಗುವಿಗೆ 432ರಲ್ಲೇ ಕಲಿಸಿ" ಅನ್ನುತ್ತಾರೆ. ಇಲ್ಲಿ ಬರೆದಿಡುತ್ತೇನೆ, ಮುಂದೆ ಲಿಂಕ್ ಕಳಿಸಿದರೆ ಆಯಿತು.

ಈ ಸಂಖ್ಯೆಗಳು ವಾದ್ಯಗಳನ್ನು ಶ್ರುತಿ ಮಾಡಲು ಹಿಡಿಯುವ 'ಎ' ಸ್ವರದ ಹರ್ಟ್ಸ್. ಹಿಂದೆ ಯೂರೋಪಿನಲ್ಲಿ ಊರಿಗೊಂದು ಶ್ರುತಿ ಇತ್ತು. 1859ರಲ್ಲಿ ಫ್ರಾನ್ಸ್ 435 ಅಂತ ಕಾನೂನು ಮಾಡಿತು. 1884ರಲ್ಲಿ ಇಟಲಿಯ ಸಂಗೀತ ಸಂಯೋಜಕ ವೆರ್ದಿ 432 ಚೆನ್ನ ಅಂದರು, ಅವರಿಗೆ ಹಾಡುಗಾರರ ಗಂಟಲಿನ ಚಿಂತೆ ಇತ್ತು, ವಿಶ್ವದ ಕಂಪನದ್ದಲ್ಲ. 1939ರಲ್ಲಿ ಲಂಡನ್ನಿನಲ್ಲಿ ಹಲವು ದೇಶದವರು ಕೂತು 440 ಒಪ್ಪಿದರು. 1955ರಲ್ಲಿ ಅದು ಅಂತರರಾಷ್ಟ್ರೀಯ ಮಾನದಂಡ ಆಯಿತು. 440ಕ್ಕೂ 432ಕ್ಕೂ ಇರುವ ಅಂತರ ಅರ್ಧ ಸ್ವರದ ಸುಮಾರು ಮೂರನೇ ಒಂದು ಭಾಗ. ಹಾಡುಗಾರರು ತಮ್ಮ ಕಂಠಕ್ಕೆ ಹೊಂದುವ ಶ್ರುತಿ ಇಟ್ಟುಕೊಳ್ಳುತ್ತಾರೆ, ನೆಗಡಿ ಆದ ದಿನ ಇಳಿಸಿಕೊಳ್ಳುತ್ತಾರೆ. ಇನ್ನೊಂದು ಮಾತು, ಈ 432 ಬಂದದ್ದು ಸೆಕೆಂಡನ್ನು ನಾವು ಹೀಗೆ ಕತ್ತರಿಸಿಕೊಂಡದ್ದರಿಂದ. ದಿನವನ್ನು 86,400 ಮಾಡುವ ಬದಲು ಒಂದು ಲಕ್ಷ ತುಂಡು ಮಾಡಿದ್ದರೆ ಅದೇ ನಾದ ಸುಮಾರು 373 ಆಗುತ್ತಿತ್ತು. ವಿಶ್ವಕ್ಕೆ ನಮ್ಮ ಗಡಿಯಾರ ಗೊತ್ತಾ?

ಗುಬ್ಬಿಗೂಡು:
ಬೈನಾರಲ್ ಬೀಟ್ಸ್? 40 ಹರ್ಟ್ಸ್ ಮರೆವಿನ ಕಾಯಿಲೆಗೆ ಒಳ್ಳೆಯದಂತಲ್ಲ?

ಹಳೇರೇಡಿಯೊ:
ಬೈನಾರಲ್ ಬೀಟ್ ಕೇಳಿಸುವುದು ನಿಜ. ಎರಡು ಕಿವಿಗೆ ಸ್ವಲ್ಪ ಬೇರೆ ಬೇರೆ ಸ್ವರ ಕೊಟ್ಟರೆ ಮಿದುಳು ಮಧ್ಯೆ ಒಂದು ಮಿಡಿತ ಕಟ್ಟಿಕೊಳ್ಳುತ್ತದೆ, 19ನೇ ಶತಮಾನದಲ್ಲೇ ಜರ್ಮನಿಯ ಡೋವ್ ಇದನ್ನು ಕಂಡುಕೊಂಡರು. ಅದರಿಂದ ನಿದ್ದೆ, ಏಕಾಗ್ರತೆ ಬರುತ್ತದಾ ಅಂದರೆ ಪ್ರಯೋಗಗಳು ಒಂದಕ್ಕೊಂದು ತಾಳೆ ಆಗುತ್ತಿಲ್ಲ. 40 ಹರ್ಟ್ಸ್ ವಿಷಯ ಗಂಭೀರದ್ದು. ಅಮೆರಿಕದ ಎಂಐಟಿಯ ಲೀ-ಹುಯೆ ತ್ಸಾಯ್ ತಂಡ 2016ರಲ್ಲಿ ಮಿನುಗುವ ಬೆಳಕಿನಿಂದ, 2019ರಲ್ಲಿ ಶಬ್ದದಿಂದ ಇಲಿಗಳ ಮಿದುಳಿನ ಅಮಿಲಾಯ್ಡ್ (ಮರೆವಿನ ಕಾಯಿಲೆಯಲ್ಲಿ ಮಿದುಳಿನಲ್ಲಿ ಶೇಖರವಾಗುವ ಪ್ರೋಟೀನ್) ಕಡಿಮೆ ಆಯಿತು ಅಂತ ತೋರಿಸಿತು. 2023ರಲ್ಲಿ ಮಿದುಳು ವಿಜ್ಞಾನಿ ಬುಜಾಕಿ ಅವರ ತಂಡ 40 ಹರ್ಟ್ಸ್ ಬೆಳಕಿನ ಪ್ರಯೋಗವನ್ನೇ ಇಲಿಗಳ ಮೇಲೆ ಮಾಡಿ, ನಮಗೆ ಆ ಫಲ ಸಿಗಲಿಲ್ಲ ಅಂತು. ಮನುಷ್ಯರ ಮೇಲೆ ಪರೀಕ್ಷೆ ನಡೆದಿದೆ. ಖಚಿತ ಫಲಿತಾಂಶ ಬರುವವರೆಗೆ ಯಾರಾದರೂ ಆ್ಯಪ್ ಮಾರಲು ಬಂದರೆ ನೀವು ಇಲಿಯಾ ಅಂತ ಕೇಳಿಕೊಳ್ಳಿ.

ಅನುಮಾನಪ್ಪ:
ನಿದ್ದೆಗೇಡಿ ಸಾರ್, ಒಂದು ಕೆಲಸ ಮಾಡಿ. ನಿಮ್ಮ ಮನೆಯವರಿಗೆ ಹೇಳಿ, ಅದೇ ತರಹದ ನಾದ ಬೇರೆ ಬೇರೆ ಹರ್ಟ್ಸ್‌ನಲ್ಲಿ ನಾಲ್ಕು ಫೈಲ್ ಮಾಡಿಸಿ, ಕ ಖ ಗ ಘ ಅಂತ ಹೆಸರು ಬದಲಿಸಿ ಕೊಡಲಿ. ಹಳೇರೇಡಿಯೊ ಮಾಡಿಕೊಡುತ್ತಾರೆ. ಯಾವುದು ಯಾವುದು ಅಂತ ನಿಮಗೆ ಗೊತ್ತಿರಬಾರದು. ಪ್ರತಿಯೊಂದನ್ನೂ ಮೂರು ರಾತ್ರಿ, ಸಣ್ಣಗೆ, ಸ್ಪೀಕರಿನಲ್ಲಿ. ಬೆಳಿಗ್ಗೆ ಎದ್ದ ತಕ್ಷಣ ಹತ್ತಕ್ಕೆ ಎಷ್ಟು ಅಂತ ಅಂಕ ಬರೆದಿಡಿ.

ಹಳೇರೇಡಿಯೊ:
ಫೈಲ್ ಕಳಿಸಿದ್ದೇನೆ. ನಾಲ್ಕರಲ್ಲಿ ಒಂದು 528, ಉಳಿದ ಮೂರು ನಾನು ಕಣ್ಣುಮುಚ್ಚಿ ಆರಿಸಿದ ಸಂಖ್ಯೆ.

ನಿದ್ದೆಗೇಡಿ:
ಹದಿಮೂರು ದಿನದ ಮೇಲೆ ಬರೆಯುತ್ತಿದ್ದೇನೆ. ಎಲ್ಲ ರಾತ್ರಿಯೂ ಅರ್ಧ ಗಂಟೆಯ ಆಸುಪಾಸಿನಲ್ಲೇ ನಿದ್ದೆ ಬಂತು, ಒಂದು ರಾತ್ರಿ ಬಿಟ್ಟು, ಅವತ್ತು ಪಕ್ಕದ ಮನೆಯ ನಾಯಿ ಬಿಡಲಿಲ್ಲ. ಅಂಕದಲ್ಲಿ ಗ ಫೈಲ್ ಮೊದಲು ಬಂತು, ಸರಾಸರಿ ಎಂಟು. ಅದೇ 528 ಅಂತ ನಾನು ಮನೆಯವಳ ಹತ್ತಿರ ಪಂದ್ಯ ಕಟ್ಟಿದ್ದೆ. ತೆಗೆದು ನೋಡಿದರೆ 487. ನನ್ನ 528 ಮೂರನೆಯದು. ಪಂದ್ಯದ ಪ್ರಕಾರ ಈ ತಿಂಗಳು ಪಾತ್ರೆ ತೊಳೆಯುವುದು ನಾನೇ.

ಕಿವಿಕೆಲಸ:
ಹನ್ನೆರಡು ರಾತ್ರಿಯಲ್ಲಿ ಎಂಟಕ್ಕೂ ಏಳಕ್ಕೂ ಏನೂ ವ್ಯತ್ಯಾಸ ಇಲ್ಲ ಅಂತಲೇ ತಿಳಿಯಿರಿ. ಆದರೆ ನಿಮ್ಮ ನಿದ್ದೆ ನಿಜ. ದಿನಾ ಒಂದೇ ಹೊತ್ತಿಗೆ ದೀಪ ಆರಿಸಿ, ಮೊಬೈಲ್ ಕೆಳಗಿಟ್ಟು, ಒಂದು ಮೆತ್ತಗಿನ ಸದ್ದು ಹಾಕಿಕೊಂಡು ಮಲಗುತ್ತಿದ್ದೀರಿ. ಅದನ್ನು ಬಿಡಬೇಡಿ. ಕಿವಿ ಪರೀಕ್ಷೆ ಒಂದು ಮಾಡಿಸಿಕೊಳ್ಳಿ.

ಒಂದ್ನಿಮಿಷ:
487 ಹರ್ಟ್ಸ್, ಎಂಟು ಗಂಟೆ, ಯಕೃತ್ತು ಶುದ್ಧಿ, ಸಾಲ ಪರಿಹಾರ. ಚಾನೆಲ್ ಶುರು ಮಾಡಿದ್ದೇನೆ, ಭಾವಮೈದುನನಿಗೆ ಕಳಿಸಿ.